ಕೂಸು, ಕರಿಯ, ಕೌದಿ

2024 ಆಗಸ್ಟ್ 11, ಭಾನುವಾರ

ನಿನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋಗಿದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುವ ಹೊತ್ತಿಗೆ ಓಣಿಯ ತುಂಬ ಅದೇ ಮಾತು. ಹೊಳೆಗೆ ಯಾರೂ ಇಳಿಯಬಾರದು, ದನ ಬಿಡಬಾರದು, ಹರಿಗೋಲು ಹಾಕಬಾರದು ಎಂದು ಹೇಳಿಹೋಗಿದ್ದಾರೆ. ಮಾವ ಕಟ್ಟೆಯ ಮೇಲೆ ಕುಳಿತವರು ಚಹಾ ಆರಿದರೂ ಮುಟ್ಟಿಲ್ಲ. "ನಾಟಿ ಹಚ್ಚೇವಿ. ಇದ್ದ ನೀರು ಹಿಂಗ ಹರದು ಹ್ವಾದ್ರ ಕಾಲುವಿಗೆ ಏನು ಬಿಡ್ತಾರ?" ಅಂದರು. 1953ರಿಂದ ನೀರು ಹಿಡಿದು ನಿಂತ ಡ್ಯಾಮು, 33 ಗೇಟು. ಅದರಲ್ಲಿ ಒಂದು ಹೋದರೂ ಇಲ್ಲಿಂದ ರಾಯಚೂರಿನವರೆಗೆ ಯಾರಿಗೂ ನಿದ್ದೆಯಿಲ್ಲ.

ಇವತ್ತು ಹೊಳೆಗೆ ಹಾಸಿಗೆ ಒಯ್ಯುವುದಿತ್ತು. ಪಂಚಮಿಗೆ ಬಂದ ನಾದಿನಿಯರು, ಅವರ ಮಕ್ಕಳು ನಿನ್ನೆ ಹೋದರು. ಅವರು ಹಾಸಿ ಹೊದ್ದ ಕೌದಿ, ದುಪ್ಪಟಿ, ಜಮಖಾನ ಎಲ್ಲ ಪಡಸಾಲೆಯ ಮೂಲೆಯಲ್ಲಿ ರಾಶಿ ಬಿದ್ದಿವೆ. ರಾಶಿಯ ಮೇಲೆ ಕರಿಯ ಮಲಗಿದ್ದಾನೆ. ಕರಿಯನ ಬೆನ್ನಿಗೆ ಒರಗಿ ನಮ್ಮ ಕೂಸು ಹಾಲಿನ ಬಾಟಲಿ ಹಿಡಿದು ಕುಳಿತಿದ್ದಾಳೆ. ಒಂದೂವರೆ ವರ್ಷದ ಕೂಸು, ಎರಡು ವರ್ಷದ ನಾಯಿ. ಇಬ್ಬರಲ್ಲಿ ಯಾರನ್ನು ಎಬ್ಬಿಸಿದರೂ ಇನ್ನೊಬ್ಬರು ಕೂಗುತ್ತಾರೆ.

"ನಾಯಿ ಹೊರಗ ಕಟ್ಟವ, ಮನಿ ಹಾಸಿಗಿ ಎಲ್ಲಾ ಹೊಲಸು ಮಾಡ್ತೈತಿ" ಎಂದು ದೊಡ್ಡ ನಾದಿನಿ ಹೋಗುವಾಗಲೂ ಹೇಳಿದಳು. ಬೇರೆ ಊರಿನ ಮಾತಾದರೆ ಒಪ್ಪಬಹುದಿತ್ತು. ನಮ್ಮದು ಗುಡ್ಡದ ಬುಡದ ಊರು. 2020ರ ಕೊನೆಗೆ ಆನೆಗೊಂದಿಯ ದುರ್ಗಾ ಬೆಟ್ಟದ ಬಳಿ ಚಿರತೆ ಒಬ್ಬ ಹುಡುಗನನ್ನು ಕೊಂದಿತು. ಅಂದಿನಿಂದ ಇಲ್ಲಿ ಹೊತ್ತು ಮುಳುಗಿದರೆ ಕರು, ಕುರಿ, ನಾಯಿ ಎಲ್ಲ ಒಳಗೆ. ಚಿರತೆಗೆ ಕಷ್ಟವಿಲ್ಲದೆ ಸಿಗುವ ತುತ್ತೆಂದರೆ ಅಂಗಳದಲ್ಲಿ ಕಟ್ಟಿದ ನಾಯಿ. ರಾತ್ರಿ ಕರಿಯನನ್ನು ಹೊರಗೆ ಕಟ್ಟುವುದು ಅವನನ್ನು ಕೊಟ್ಟುಬಿಟ್ಟಂತೆಯೇ. ನಾನು ಕಟ್ಟುವುದಿಲ್ಲ. ಅಂದಮೇಲೆ ಕೂಸೂ ನಾಯಿಯೂ ಇರುವ ಮನೆಯಲ್ಲಿ ಹಾಸಿಗೆ, ಹೊದಿಕೆ, ಕೂರುವ ವಸ್ತು ಹೇಗಿರಬೇಕು, ಅವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಸರಿಯಾಗಿ ಕೂತು ಯೋಚಿಸಬೇಕು. ಅದಕ್ಕೇ ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಆಗಸ್ಟ್ 14, ಬುಧವಾರ

ಜಿಟಿಜಿಟಿ ಮಳೆ. ಹೊಳೆಯ ಸದ್ದು ರಾತ್ರಿ ಹಾಸಿಗೆಯವರೆಗೂ ಕೇಳುತ್ತದೆ.

ಕೂಸು ಬೆಳಗಿನ ಜಾವ ಕೌದಿಯ ಮೇಲೆ ಉಚ್ಚಿ ಹೊಯ್ದಿತು. ಅದೇ ಹೊತ್ತಿಗೆ ಕರಿಯ ಸೋಫಾದ ಕಾಲಿಗೆ. ಒಬ್ಬಳದು ತಿಳಿಯದೆ ಆಗುವುದು, ಇನ್ನೊಬ್ಬನದು ಇದು ನನ್ನ ಜಾಗ ಎಂದು ಹೇಳಿಕೊಳ್ಳುವುದು. ಎರಡಕ್ಕೂ ಉಪಾಯ ಒಂದೇ: ಹಸಿ ಇರುವಾಗಲೇ ಹಿಡಿಯಬೇಕು. ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರೆ ಬಟ್ಟೆಯೇ ಹೀರಿಕೊಳ್ಳುತ್ತದೆ. ತಿಕ್ಕಿದರೆ ಮೇಲಿದ್ದದ್ದು ಒಳಗಿಳಿಯುತ್ತದೆ. ಆಮೇಲೆ ತಣ್ಣೀರು, ಮತ್ತೆ ಒತ್ತುವುದು. ಉಚ್ಚಿಯಲ್ಲಿರುವ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ಬಿಟ್ಟಷ್ಟು ಹೊತ್ತು ನಾತ ಏರುವುದು ಅದಕ್ಕೇ. ಗದ್ದೆಗೆ ಯೂರಿಯಾ ಎರಚುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾತ ಉಳಿದ ಜಾಗಕ್ಕೇ ನಾಯಿ ಮತ್ತೆ ಬರುತ್ತದೆ. ಒಂದು ಲೋಟ ನೀರಿಗೆ ಒಂದು ಲೋಟ ವಿನೆಗರ್ ಬೆರೆಸಿ ಒರೆಸಿದರೆ ಅಮೋನಿಯಾ ಮುರಿಯುತ್ತದೆ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕೊಡವಿದರೆ ಉಳಿದ ನಾತವೂ ಹೋಗುತ್ತದೆ.

ವಿನೆಗರ್ ಬಟ್ಟೆಗೆ ಸರಿ, ನಮ್ಮ ನೆಲಕ್ಕೆ ಸಲ್ಲ. ಪಡಸಾಲೆಗೆ ಹಾಸಿದ್ದು ಶಹಾಬಾದ್ ಪರಸಿ, ಸುಣ್ಣದ ಕಲ್ಲು. ಹುಳಿ ಯಾವುದು ಬಿದ್ದರೂ, ನಿಂಬೆಯಾಗಲಿ ಹುಣಸೆಯಾಗಲಿ ಕಕ್ಕಸ ತೊಳೆಯುವ ಆಸಿಡ್ ಆಗಲಿ, ಕಲ್ಲನ್ನು ತಿಂದು ಹೊಳಪು ಕೆಡಿಸುತ್ತದೆ. ಕೆಟ್ಟ ಜಾಗ ಒರಟಾಗಿ ಮುಂದೆ ಅಲ್ಲೇ ಕೊಳೆ ಕೂರುತ್ತದೆ. ಪರಸಿಗೆ ಬಿಸಿನೀರು, ಚೂರು ಸಾಬೂನು, ಆಮೇಲೆ ಬರೀ ನೀರು. ಅಷ್ಟು ಸಾಕು.

ಪಕ್ಕದ ಮನೆಯ ಅಕ್ಕ ಬ್ಲೀಚಿಂಗ್ ಪೌಡರ್ ತಂದುಕೊಟ್ಟು "ಉಚ್ಚಿ ಮ್ಯಾಲ ಉದುರ್ಸು, ನಾತ ಹೊಳ್ಳಿ ಬರಂಗಿಲ್ಲ" ಅಂದರು. ಪ್ರೀತಿಯಿಂದ ಕೊಟ್ಟದ್ದು, ಒಳಗೆ ತೆಗೆದಿಟ್ಟೆ. ಆದರೆ ಉಚ್ಚಿಯ ಅಮೋನಿಯಾಕ್ಕೆ ಬ್ಲೀಚ್ ಕೂಡಿದರೆ ಕ್ಲೋರಮೈನ್ ಎಂಬ ಅನಿಲ ಏಳುತ್ತದೆ. ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ನೆಲಕ್ಕೆ ಮೂಗು ಹತ್ತಿರವಿರುವವರು ಕೂಸು ಮತ್ತು ನಾಯಿ. ನಮಗೆ ಘಾಟು ತಿಳಿಯುವ ಮೊದಲೇ ಅವರು ಕುಡಿದಿರುತ್ತಾರೆ. ಸಂಜೆ ಅಕ್ಕನಿಗೆ ಇದನ್ನು ಹೇಳಿದೆ, ಅವರ ಮನೆಯಲ್ಲೂ ಮೊಮ್ಮಗು ಇದೆ.

ಆಗಸ್ಟ್ 17, ಶನಿವಾರ

ಡ್ಯಾಮಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮೇಲುಸ್ತುವಾರಿಯಲ್ಲಿ, ಕೊಚ್ಚಿಹೋದ ಗೇಟಿನ ಜಾಗಕ್ಕೆ ಹರಿಯುವ ನೀರಿನಲ್ಲೇ ತಡೆಗೇಟು ಕೂಡಿಸಿದರು. ಮಾವ ಹೊಟ್ಟೆ ತುಂಬ ಉಂಡರು.

ಆಗಸ್ಟ್ 25, ಭಾನುವಾರ

ಕೂಸಿನ ಪಾದದ ಗಂಟಿನ ಸುತ್ತ ಕೆಂಪು ಗಂಧೆ. ಅತ್ತೆ ನೋಡಿದವರೇ "ಚಿಗಟ" ಅಂದರು. ಕರಿಯನ ಹೊಟ್ಟೆಯ ಕೂದಲು ಬಿಡಿಸಿದರೆ ಹೌದು, ಓಡಾಡುತ್ತಿವೆ. ಕಿವಿಯ ಒಳಗೆ ಉಣ್ಣಿಯೂ ಸಿಕ್ಕಿತು.

ಓಣಿಯಲ್ಲಿ ಸಿಕ್ಕ ಸಲಹೆ, ಗದ್ದೆಗೆ ಹೊಡೆಯುವ ಔಷಧಿಯನ್ನು ನೀರಿಗೆ ನಾಲ್ಕು ಹನಿ ಹಾಕಿ ನಾಯಿಯ ಮೈ ತೊಳೆ ಎಂದು. ನಮ್ಮ ಭಾಗದಲ್ಲಿ ಮನೆಮನೆಗೂ ಭತ್ತದ ಔಷಧಿ ಇರುತ್ತದೆ, ಕೈಗೆ ಸಿಗುವುದೂ ಅದೇ. ಕೂಸು ಕರಿಯನ ಕಿವಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ಕರಿಯ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಾನೆ. ಗದ್ದೆಯ ಔಷಧಿ ಈ ಹೊಸ್ತಿಲು ದಾಟಕೂಡದು ಎಂದು ಇವರಿಗೂ ಮಾವನಿಗೂ ಹೇಳಿದ್ದೇನೆ. ಗಂಗಾವತಿಯ ಪಶು ಆಸ್ಪತ್ರೆಯಲ್ಲಿ ನಾಯಿಯ ತೂಕ ನೋಡಿ ಔಷಧಿ ಬರೆದುಕೊಟ್ಟರು, ಅದನ್ನೇ ಹಾಕಿದೆವು.

ಡಾಕ್ಟರು ಹೇಳಿದ ಮಾತೊಂದನ್ನು ಬರೆದಿಡಬೇಕು. ನಾಯಿಯ ಮೈಮೇಲೆ ಕಾಣುವ ಚಿಗಟ ಇಡೀ ಸಂಸಾರದಲ್ಲಿ ಒಂದು ಸಣ್ಣ ಪಾಲು ಮಾತ್ರ. ಮೈಮೇಲೆ ಇಟ್ಟ ಮೊಟ್ಟೆ ಅಲ್ಲಿ ನಿಲ್ಲುವುದಿಲ್ಲ, ಉದುರುತ್ತದೆ. ನಾಯಿ ಎಲ್ಲಿ ಮಲಗುತ್ತದೋ ಆ ಕೌದಿಯಲ್ಲಿ, ಸೋಫಾದ ಸಂದಿನಲ್ಲಿ, ಚಾಪೆಯ ಅಡಿಯಲ್ಲಿ ಮರಿಯಾಗಿ, ಗೂಡು ಕಟ್ಟಿ, ವಾರಗಟ್ಟಲೆ ಕಾದು ಏಳುತ್ತದೆ. ನಾಯಿಗೆ ಔಷಧಿ ಹಾಕಿ ಹಾಸಿಗೆ ಬಿಟ್ಟರೆ ಮಾಡಿದ್ದೆಲ್ಲ ದಂಡ. ಉಣ್ಣಿ ಇನ್ನೂ ಜಾಣ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮದು ಕಲ್ಲಿನ ಗೋಡೆ, ಸಂದುಗೊಂದು ಬೇಕಾದಷ್ಟು. ಹಬ್ಬಕ್ಕೆ ಮೊದಲು ಗೋಡೆಯ ಬಿರುಕು ಮೆತ್ತಿ ಸುಣ್ಣ ಬಳಿಯುವ ಪದ್ಧತಿ ಅಂದಕ್ಕೆ ಮಾತ್ರ ಬಂದದ್ದಲ್ಲ ಎಂದು ಇವತ್ತು ಮನಸ್ಸಿಗೆ ಬಂತು. ಅತ್ತೆಗೆ ಹೇಳಿದರೆ "ಮತ್ತ? ಸುಮ್ನ ಹಚ್ತಿದ್ವೇನು?" ಅಂದರು.

ಕರಿಯ ಮಲಗುವ ಗೋಣಿತಾಟು, ಎರಡು ಕೌದಿ, ಕೂಸಿನ ಅರಿವೆ ಎಲ್ಲವನ್ನೂ ಹಂಡೆಯ ಕುದಿನೀರಿಗೆ ಹಾಕಿದೆ. ಕರಿಯನಿಗೆ ಇನ್ನು ಮುಂದೆ ಅವನದೇ ಒಂದು ಚಿಕ್ಕ ಕೌದಿ, ಒಂದೇ ಜಾಗ. ಪಡಸಾಲೆಯ ಬಾಗಿಲ ಹಿಂದೆ. ಮೂರು ದಿನ ಅವನು ಅಲ್ಲಿ ಮಲಗಿದಾಗಲೆಲ್ಲ ರೊಟ್ಟಿಯ ಚೂರು ಕೊಟ್ಟರೆ ನಾಯಿ ತಾನಾಗಿ ಕಲಿಯುತ್ತದೆ ಎನ್ನುತ್ತಾರೆ. ಕೂಸು ಕಲಿಯಲು ಅಷ್ಟು ಬೇಗ ಆಗದು.

ಸೆಪ್ಟೆಂಬರ್ 7, ಶನಿವಾರ. ಗಣೇಶ ಚವತಿ

ಕೂಸಿನ ಕಡುಬಿನ ತುಪ್ಪದ ಕೈ ನೇರ ಜಮಖಾನಕ್ಕೆ. ತವರಿನಿಂದ ಬಂದ ನವಲಗುಂದದ ಜಮಖಾನ, ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ನಿಲುವು ಮಗ್ಗದಲ್ಲಿ ನೇಯುವಂಥದ್ದು, ಅಪ್ಪಟ ಹತ್ತಿ. ಅತ್ತೆ ಡಬ್ಬಿಯಿಂದ ಹಿಡಿ ಜೋಳದ ಹಿಟ್ಟು ತಂದು ಜಿಡ್ಡಿನ ಮೇಲೆ ಸುರಿದರು. ಹಿಟ್ಟು ಜಿಡ್ಡು ಕುಡಿದು ಉಂಡೆಯಾಯಿತು, ಮೊಂಡ ಚಾಕುವಿನಿಂದ ಕೆರೆದು ತೆಗೆದೆವು. ಎರಡನೇ ಸಲ ಹಿಟ್ಟು ಹಾಕಿದ ಮೇಲೆ ಕಲೆಯ ಅಂಚೂ ಕಾಣಲಿಲ್ಲ.

ಅರಿಶಿನದ ಕಲೆ ಬೇರೆ ಜಾತಿ. ಸಾರು ಚೆಲ್ಲಿದ ಜಾಗಕ್ಕೆ ಸಾಬೂನು ಹಚ್ಚಿದರೆ ಹಳದಿ ಹೋಗಿ ಕೆಂಪು ಬರುತ್ತದೆ. ಆರತಿಯ ತಟ್ಟೆಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುವ ನಮಗೆ ಇದು ಹೊಸದಲ್ಲ. ಸಾಬೂನೂ ಸುಣ್ಣದ ಹಾಗೆಯೇ ಕ್ಷಾರ. ಕೆಂಪು ಕಂಡು ಹೆದರಿ ತಿಕ್ಕುತ್ತ ಕೂರುವುದು ಬೇಡ. ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ಸಾಕು, ಅರಿಶಿನದ ಬಣ್ಣ ಸೂರ್ಯನ ಮುಂದೆ ನಿಲ್ಲುವುದಿಲ್ಲ. ಹಾಲು, ಮೊಸರು, ವಾಂತಿ, ರಕ್ತ ಇವಕ್ಕೆ ಮಾತ್ರ ಮೊದಲು ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ಅದರ ಪ್ರೋಟೀನು ನೂಲಿನೊಳಗೇ ಗಟ್ಟಿಯಾಗಿ ಕೂರುತ್ತದೆ.

ಸೆಪ್ಟೆಂಬರ್ 15, ಭಾನುವಾರ

ಆನೆಗೊಂದಿಗೆ ಹೋಗಿ ಬಂದೆವು. ಅಲ್ಲಿಯ ಹೆಣ್ಣುಮಕ್ಕಳು ಬಾಳೆಯ ದಿಂಡಿನ ನಾರಿನಿಂದ ಚೀಲ, ಚಾಪೆ, ಬುಟ್ಟಿ ಮಾಡುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಹಚ್ಚಿದ ಕೆಲಸ. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ದಿಂಡು ಇವರ ಕೈಯಲ್ಲಿ ಹುರಿಯಾಗುತ್ತದೆ. ಕೈಯಲ್ಲಿ ಹಿಡಿದರೆ ನುಣುಪು, ಬಿಗಿ. ಚಾಪೆಯೊಂದನ್ನು ಕೂಸಿನ ಆಟದ ಜಾಗಕ್ಕೆ ಕೊಳ್ಳುವ ಮನಸ್ಸಾಯಿತು.

ಕೊಳ್ಳಲಿಲ್ಲ. ಬಾಳೆನಾರು ನೀರು ಕುಡಿಯುತ್ತದೆ, ನೆಂದದ್ದು ತಡವಾಗಿ ಆರಿದರೆ ಬೂಸು ಹಿಡಿಯುತ್ತದೆ. ಹಸಿ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸುವ ವಸ್ತು ಅದು. ದಿನಕ್ಕೆ ಒಂದು ಸಲವಾದರೂ ಉಚ್ಚಿ ಬೀಳುವ ಜಾಗದಲ್ಲಿ ಹಾಸಿದರೆ ಅಷ್ಟು ಚೆಂದದ ಕೆಲಸಕ್ಕೆ ಅನ್ಯಾಯ. ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕುವ ಬುಟ್ಟಿ ತಂದೆ. ಕೂಸಿನ ಎಣ್ಣೆ, ಪೌಡರು, ಕರಿಯನ ಔಷಧಿ ಎಲ್ಲ ಅದರಲ್ಲಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಬೀಗದ ಕಪಾಟಿಗೆ. ಅಂಗಡಿಯಲ್ಲಿ ಫಿನಾಯಿಲನ್ನು ತಂಪುಪಾನೀಯದ ಬಾಟಲಿಗೆ ಸುರಿದು ಕೊಡುತ್ತಾರೆ. ಕೂಸಿರುವ ಮನೆಯವರು ಅದನ್ನು ಬೇಡವೆನ್ನಬೇಕು. ಬಾಟಲಿ ನೋಡಿ ಬಾಯಿಗೆ ಇಡುವ ವಯಸ್ಸು.

ನುಸಿಗುಳಿಗೆಯನ್ನೂ ಟ್ರಂಕಿನಿಂದ ತೆಗೆದೆ. ಬೆಳ್ಳಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ ಇರುತ್ತದೆ, ಅಂಥವರಿಗೆ ನ್ಯಾಫ್ತಲೀನ್ ರಕ್ತದ ಕಣಗಳನ್ನೇ ಒಡೆಯುತ್ತದೆ. ಯಾವ ಮಗುವಿಗೆ ಹಾಗಿದೆ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕೌದಿಗಳ ನಡುವೆ ಇಟ್ಟಿದ್ದೇನೆ.

ಸೆಪ್ಟೆಂಬರ್ 28, ಶನಿವಾರ

ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನವಂತೆ. ಕರಿಯನಿಗೆ ವರ್ಷದ ಲಸಿಕೆ ಹಾಕಿಸಿಕೊಂಡು ಬಂದರು ಇವರು, ಜೊತೆಗೆ ಜಂತಿನ ಮಾತ್ರೆ. ಹಾಸಿಗೆಯ ಸ್ವಚ್ಛತೆಗೂ ಇದಕ್ಕೂ ಏನು ಸಂಬಂಧ ಎಂದು ನಾದಿನಿ ಫೋನಿನಲ್ಲಿ ಕೇಳಿದಳು. ಇದೆ. ನಾಯಿಯ ಹೊಟ್ಟೆಯ ದುಂಡುಹುಳದ ಮೊಟ್ಟೆ ಹೇಲಿನಲ್ಲಿ ಹೊರಬಿದ್ದು ಮಣ್ಣು ಸೇರುತ್ತದೆ. ಬಿದ್ದ ದಿನವೇ ಅದು ಅಂಟುವುದಿಲ್ಲ, ಮಣ್ಣಿನಲ್ಲಿ ಎರಡು ವಾರದಷ್ಟು ಪಕ್ವವಾಗಬೇಕು. ಆ ಮಣ್ಣು ಪಂಜದಿಂದ ಕೌದಿಗೆ, ಕೌದಿಯಿಂದ ಕೂಸಿನ ಬೆರಳಿಗೆ, ಬೆರಳಿನಿಂದ ಬಾಯಿಗೆ. ಹಿತ್ತಲಿನ ಹೇಲನ್ನು ಅಂದಂದೇ ಎತ್ತಿದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಹರಿಯುತ್ತದೆ. ಆ ಕೆಲಸ ಇವರದು ಎಂದು ತೀರ್ಮಾನವಾಗಿದೆ. ಬಾಗಿಲಲ್ಲಿ ಒದ್ದೆ ಗೋಣಿತಾಟು ಹಾಕಿದ್ದೇನೆ. ಗದ್ದೆಯಿಂದ ಬಂದ ಕರಿಯ ಅದರ ಮೇಲೆ ನಿಂತು ನಾಲ್ಕೂ ಪಂಜ ಒರೆಸಿಕೊಂಡ ಮೇಲೆಯೇ ಒಳಗೆ.

ಕೂಸಿನ ಜಂತಿನ ಮಾತ್ರೆಗೆ ಅಂಗನವಾಡಿ ಇದೆ. ಒಂದರಿಂದ ಎರಡು ವರ್ಷದವರಿಗೆ ಆಲ್ಬೆಂಡಜೋಲ್ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಕಾರ್ಯಕರ್ತೆಯೇ ಮನೆಗೆ ಬಂದು ಕರೆದು ಹೋಗುತ್ತಾಳೆ.

ಅಕ್ಟೋಬರ್ 1, ಮಂಗಳವಾರ

ನಾಳೆ ಮಹಾಲಯ ಅಮಾವಾಸ್ಯೆ, ನಾಡಿದ್ದು ಘಟ ಕೂಡಿಸುವುದು. ನಮ್ಮ ಕಡೆ ಮಹಾನವಮಿಗೆ ಮೊದಲು ಮನೆಯ ನೂಲೆಂಬ ನೂಲೆಲ್ಲ ನೀರು ಕಾಣಬೇಕು. ಕೌದಿ, ಕಂಬಳಿ, ಜಮಖಾನ, ದಿಂಬಿನ ಚೀಲ, ತೊಟ್ಟಿಲ ಜೋಳಿಗೆ, ದೇವರ ಜಗಲಿಯ ಅರಿವೆವರೆಗೆ. ಟಂಟಂ ಮಾಡಿಕೊಂಡು ಓಣಿಗೆ ಓಣಿಯೇ ಹೊಳೆಗೆ ಹೋಗುತ್ತದೆ. ನಾನು ಈ ಸಲ ತೋಟದ ಬೋರಿನ ತೊಟ್ಟಿಯಲ್ಲೇ ಒಗೆಯೋಣ ಎಂದೆ. ಅತ್ತೆ ಮೊದಲು ಒಪ್ಪಲಿಲ್ಲ. "ಹರಿಯೋ ನೀರಾಗ ಹೋದ್ರ ಹೊಲಸು ಹೋಕ್ಕೈತಿ, ನಿಂತ ನೀರಾಗ ಏನು ಹೋಕ್ಕೈತಿ?" ಎಂದು ಕೇಳಿದರು. ಮಾತು ಸರಿಯಾದದ್ದೇ. ಆದರೆ ಡ್ಯಾಮಿನ ಕೆಳಗಿನಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳಿಗೆಂದು ಕಾಯ್ದಿರಿಸಿದೆ, ದೇಶದಲ್ಲೇ ಮೊದಲನೆಯದು. ಮುಂಜಾನೆ ಬಂಡೆಯ ಸಂದಿನಲ್ಲಿ ಮರಿಗಳ ಜೊತೆ ಮೀನು ಹಿಡಿಯುವುದನ್ನು ಅತ್ತೆಯೂ ನೋಡಿದವರೇ. ಎಲ್ಲ ಓಣಿಯ ಸಾಬೂನಿನ ಪುಡಿ ಒಂದೇ ವಾರದಲ್ಲಿ ಅಲ್ಲಿಗೆ ಬೀಳುವುದು ಒಳ್ಳೆಯದಲ್ಲ. ನಿಂತ ನೀರಿನ ತೊಂದರೆಗೆ ತೊಟ್ಟಿಯ ತೂಬು ತೆಗೆದು ಬೋರು ಬಿಟ್ಟೇ ಇಟ್ಟೆವು. ಅಂಟವಾಳದ ನೀರು ಬಾಳೆಯ ಬುಡಕ್ಕೆ ಹರಿಯಿತು.

ಮೊದಲು ಒಣಗಿದ್ದಾಗಲೇ ಕೊಡವಬೇಕು. ನಾಯಿಯ ಕೂದಲು ನೀರು ಕಂಡರೆ ನೂಲಿಗೆ ಅಂಟಿ ಕೂರುತ್ತದೆ, ಆಮೇಲೆ ಎಷ್ಟು ಸೆಣೆದರೂ ಬಿಡುವುದಿಲ್ಲ. ಕೌದಿಯನ್ನು ಹಗ್ಗದ ಮೇಲೆ ಹಾಕಿ ಬಿದಿರ ಕೋಲಿನಿಂದ ಹೊಡೆದೆವು. ಉಳಿದ ಕೂದಲನ್ನು ರಬ್ಬರಿನ ಕೈಗವಸು ಒದ್ದೆ ಮಾಡಿಕೊಂಡು ಒಂದೇ ದಿಕ್ಕಿಗೆ ಸವರಿದರೆ ಸುರುಳಿಯಾಗಿ ಕೈಗೆ ಬರುತ್ತದೆ. ಆಮೇಲೆ ತಣ್ಣೀರಿನಲ್ಲಿ ನೆನೆಹಾಕುವುದು, ಉಚ್ಚಿ ಹಾಲು ಎಲ್ಲ ಬಿಡಲಿ ಎಂದು. ಆಮೇಲೆ ಹಂಡೆಯ ಬಿಸಿನೀರು, ಅಂಟವಾಳ. ಆಮೇಲೆ ಕಾಲಿನಿಂದ ತುಳಿಯುವುದು.

ಕೌದಿ ಹಿಂಡುವುದನ್ನು ನೋಡಿದವರಿಗೇ ಗೊತ್ತು. ಐದಾರು ಪದರದ ಹಳೆಯ ಸೀರೆ, ನೀರು ಕುಡಿದ ಮೇಲೆ ಒಬ್ಬರಿಂದ ಏಳುವುದೇ ಇಲ್ಲ. ಅತ್ತೆ ಒಂದು ತುದಿಯನ್ನು ಎದೆಗೆ ಅವಚಿಕೊಂಡು ಕಾಲು ಅಗಲಿಸಿ ನಿಂತರು. ನಾನು ಇನ್ನೊಂದು ತುದಿ ಹಿಡಿದು ಬಲಕ್ಕೆ ತಿರುವುತ್ತ ಹೋದೆ. ಮೊದಲ ಸುತ್ತಿಗೆ ನೀರು ಧೋ ಎಂದು ಸುರಿಯಿತು. ನಾಲ್ಕನೇ ಸುತ್ತಿಗೆ ಕೌದಿ ತೇರಿನ ಹಗ್ಗದಂತೆ ಬಿಗಿದು ನಡುವೆ ಒಂದು ಗಂಟು ಎದ್ದಿತು. ಆಗ ಅತ್ತೆ "ನಿಲ್ಲವ" ಎಂದು ಆ ಗಂಟಿನ ಮೇಲೆ ಮೊಣಕಾಲು ಊರಿ ಒತ್ತಿದರು. ಅಲ್ಲಿಂದ ಬಂದ ನೀರು ಕರಿ. ವರ್ಷದ ಕೊಳೆ ನಡುವಿನ ಪದರದಲ್ಲಿ ಕೂತಿರುತ್ತದೆ. ಆ ನೀರು ತಿಳಿಯಾಗುವವರೆಗೆ ಬಿಚ್ಚುವುದು, ಜಾಲಿಸುವುದು, ಮತ್ತೆ ತಿರುವುವುದು. ಮಧ್ಯಾಹ್ನದ ಮೇಲೆ ಇವರು ರಜೆ ಹಾಕಿ ಬಂದು ಅತ್ತೆಯ ತುದಿ ಹಿಡಿದರು. ಇದು ಹೆಣ್ಣುಮಕ್ಕಳ ಕೆಲಸ ಎಂದು ಯಾರಾದರೂ ನಗಬಹುದಿತ್ತು, ಯಾರೂ ನಗಲಿಲ್ಲ. ಅತ್ತೆಗೆ ಅರುವತ್ತೆರಡು. ಅವರ ಮಣಿಕಟ್ಟು ಇಷ್ಟು ವರ್ಷ ಹಿಂಡಿದ್ದು ಸಾಕು.

ಒಣಗಿಸಲು ನಮ್ಮೂರಿನಷ್ಟು ಒಳ್ಳೆಯ ಜಾಗ ಬೇರೆಲ್ಲಿದೆ? ಎಲ್ಲಿ ನೋಡಿದರೂ ಬಂಡೆ. ಹತ್ತಕ್ಕೆಲ್ಲ ಕಾದಿರುತ್ತದೆ, ಕೆಳಗಿನಿಂದ ಕಲ್ಲಿನ ಕಾವು, ಮೇಲಿನಿಂದ ಬಿಸಿಲು. ಹೊತ್ತು ಮುಳುಗಿದ ಮೇಲೂ ಕಲ್ಲು ಬೆಚ್ಚಗೇ ಇರುತ್ತದೆ. ನಾಲ್ಕು ಮೂಲೆಗೆ ಕಲ್ಲು ಹೇರಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ, ಕೋತಿಗಳು ಬರದ ಹಾಗೆ ಮಾವ ಕೋಲು ಹಿಡಿದು ಕೂತರು. ಕರಿಯನೂ ಕಾವಲು. ಒಣಗಿತೋ ಇಲ್ಲವೋ ನೋಡಲು ಅತ್ತೆ ಕೌದಿಯ ನಡುಭಾಗವನ್ನು ಮಡಚಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಮೇಲೆ ಗರಿಗರಿ ಎನಿಸಿದರೂ ಒಳಗೆ ತಂಪು ತಾಗಿದರೆ ಇನ್ನೂ ಹಸಿ. ಹಸಿ ಮಡಚಿಟ್ಟ ಕೌದಿ ನಾಲ್ಕು ದಿನಕ್ಕೆ ಮುಗ್ಗಲು ನಾತ ಹೊಡೆಯುತ್ತದೆ, ಕೂಸಿಗೆ ಕೆಮ್ಮು ಹಚ್ಚುತ್ತದೆ.

ಹತ್ತಿಯ ಗಾದಿ ಮಾತ್ರ ನೀರಿಗೆ ಹಾಕುವಂಥದ್ದಲ್ಲ. ಬಿಚ್ಚಿ ಹತ್ತಿ ಹಿಂಜಿಸಿ ಹೊಸ ಚೀಲ ತುಂಬಿಸಬೇಕು. ಹಿಂದೆ ಪಿಂಜಾರರು ಬಿಲ್ಲು ಹೊತ್ತು ಊರಿಗೇ ಬರುತ್ತಿದ್ದರು, ಆ ತಂತಿಯ ಟಂಯ್ ಟಂಯ್ ಸದ್ದು ನನಗೂ ನೆನಪಿದೆ. ಈಗ ಗಂಗಾವತಿಯಲ್ಲಿ ಮಷಿನ್ನಿಗೆ ಕೊಡುತ್ತೇವೆ. ಹಳೆಯ ಹತ್ತಿಯೇ ಹೊಸದಾಗಿ ಉಬ್ಬಿ ಬರುತ್ತದೆ.

ಅಕ್ಟೋಬರ್ 13, ಭಾನುವಾರ

ನಿನ್ನೆ ಬನ್ನಿ. ಬಂಗಾರ ಕೊಡಲು ಬಂದವರೆಲ್ಲ ಸೋಫಾದ ಮೇಲೆ ಕೂತರು. ಕೂತವರಲ್ಲಿ ಕೆಲವರು ಮೂಗು ಮುಚ್ಚಿಕೊಳ್ಳದಿದ್ದರೂ ಸ್ವಲ್ಪ ಹೊತ್ತಿಗೆ ಎದ್ದು ಕಟ್ಟೆಗೆ ಹೋದರು. ಮನೆಯ ಎಲ್ಲ ನೂಲೂ ಬೇವಿನ, ಬಿಸಿಲಿನ ವಾಸನೆ ಹೊಡೆಯುವಾಗ ಸೋಫಾ ಒಂದೇ ಹಾಗೆ ಉಳಿದಿದೆ. ಮೇಲಿನ ಹೊದಿಕೆ ಒಗೆದಿದ್ದೇನೆ. ಒಳಗಿನದು ಫೋಮು. ಸ್ಪಂಜಿಗೆ ಇಳಿದ ಉಚ್ಚಿ ಹೊರಗೆ ಬರುವ ದಾರಿ ಇಲ್ಲ. ನೀರು ಹಾಕಿದರೆ ಅದೂ ಒಳಗೇ, ಹಿಂಡಲು ಬರುವುದಿಲ್ಲ, ಬಂಡೆಯ ಮೇಲೆ ಹಾಸಲು ಬರುವುದಿಲ್ಲ. ಮಳೆಗಾಲದಲ್ಲಿ ನಾತ ಮತ್ತೆ ಏಳುತ್ತದೆ.

ಇವರು ಕೂಸು ದೊಡ್ಡದಾಗುವವರೆಗೆ ರಬ್ಬರ್ ಶೀಟು ಹಾಕಿ ಮೇಲೊಂದು ಕೌದಿ ಹೊದಿಸೋಣ ಎನ್ನುತ್ತಾರೆ. ಅದೂ ಒಂದು ದಾರಿ. ಸೋಫಾ ಬಿಡಲು ಆಗದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಸೋಫಾ ಉಳಿಸಲಿಕ್ಕಾಗಿ ದಿನವಿಡೀ ಕೂಸಿಗೆ "ಬ್ಯಾಡ", ನಾಯಿಗೆ "ಇಳಿ" ಎನ್ನುತ್ತ ಇರುವುದು ನನಗೆ ಸೇರುವುದಿಲ್ಲ. ಕೂಸು ನಡೆಯಲು ಕಲಿತದ್ದು ಕರಿಯನ ಬೆನ್ನು ಹಿಡಿದು. ಬದಲಾಗಬೇಕಾದದ್ದು ವಸ್ತು.

ಅಕ್ಟೋಬರ್ 20, ಭಾನುವಾರ

ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರಿಗೆ ಬಂದಿದ್ದಾರೆ. ಅತ್ತೆಯ ಎರಡು ಇಲಕಲ್ ಸೀರೆ, ನನ್ನ ಹಳೆಯ ವಾಯಿಲ್, ಮಾವನ ಧೋತರ ಕೊಟ್ಟೆ. ಅವರಲ್ಲೊಬ್ಬಳು ಸೀರೆಯನ್ನು ನೆಲಕ್ಕೆ ಹಾಸಿ, ಅಂಗೈಯಿಂದ ಸುಕ್ಕು ನೀವಿ, ಪದರದ ಮೇಲೆ ಪದರ ಇಟ್ಟು ಅಂಚಿನಿಂದ ಶುರು ಮಾಡಿದಳು. ಸಾಲು ಅಂಚಿನ ಜೊತೆಜೊತೆಗೇ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಸೂಜಿಗೆ ಒಮ್ಮೆಗೆ ನಾಲ್ಕೈದು ಹೊಲಿಗೆ ಎತ್ತಿಕೊಂಡು ದಾರ ಎಳೆಯುತ್ತಾಳೆ. ಪದರ ಕಡಿಮೆ ಇರಲಿ, ಬೇಗ ಒಣಗಬೇಕು, ಕೂಸೂ ನಾಯಿಯೂ ಇವೆ ಎಂದೆ. "ಮೂರು ಪದರ ಹಾಕ್ತೀನಿ ತಗೊರಿ ಅಕ್ಕಾರ. ಹೊಲಿಗಿ ಒತ್ತಾಗಿ ಹಾಕ್ತೀನಿ, ಉಗುರು ಸಿಗಬಾರದು" ಅಂದಳು. ಕರಿಯನ ಉಗುರಿಗೆ ಹಳೆಯ ಕೌದಿಯ ಉದ್ದ ಹೊಲಿಗೆಗಳು ಕಿತ್ತಿದ್ದನ್ನು ನಾನು ಹೇಳುವ ಮೊದಲೇ ಅವಳು ನೋಡಿದ್ದಳು. ಹರಿದ ಜಾಗಕ್ಕೆ ಕೆಂಪು ಖಣದ ತುಂಡು ಹಚ್ಚಿ ಅದನ್ನೂ ಸರಿಮಾಡಿದಳು. ಕೌದಿಯಲ್ಲಿ ತೇಪೆ ಹಚ್ಚಿದರೆ ಅದು ಕುಂದಲ್ಲ.

ಸೋಫಾವನ್ನು ತವರಿಗೆ ಕಳಿಸುವುದೆಂದು ಮಾತಾಗಿದೆ. ಅಲ್ಲಿ ಕೂಸಿಲ್ಲ, ನಾಯಿಯಿಲ್ಲ. ಅಣ್ಣ ಅದರ ಫೋಮು ಬದಲಿಸಿಕೊಳ್ಳುತ್ತಾನೆ. ಪಡಸಾಲೆಗೆ ಎರಡು ಹೊರಸು ಬಂದಿವೆ, ಅವುಗಳ ಮೇಲೆ ಕೌದಿ, ನೆಲಕ್ಕೆ ಜಮಖಾನ. ಕರಿಯ ಬಾಗಿಲ ಹಿಂದೆ ತನ್ನ ಕೌದಿಯ ಮೇಲೆ.

ಚಿಕ್ಕ ನಾದಿನಿಗೆ ಮಾಘದಲ್ಲಿ ಹೆರಿಗೆ. ಅವಳ ಮನೆಯಲ್ಲಿ ಎರಡು ಬೆಕ್ಕು. ಹೊಸ ಸೋಫಾ ಸೆಟ್ಟು, ದಪ್ಪ ಫೋಮಿನ ಹಾಸಿಗೆ ಉಡುಗೊರೆ ಕೊಡೋಣ ಎಂದು ಮನೆಯಲ್ಲಿ ಮಾತು ನಡೆದಿತ್ತು. ಬೇಡವೆಂದೆ. ಮೂರು ಪದರದ ಕೌದಿ ನಾಲ್ಕು ಹೊಲಿಸಲು ಹೇಳಿದ್ದೇನೆ, ಒಂದು ರಬ್ಬರ್ ಶೀಟು, ಒಂದು ಬೀಗದ ಕಪಾಟು. ಕೂಸು ಬರುವ ಮನೆಗೆ ಏನಾದರೂ ಕೊಡುವವರು ಎತ್ತಿ ಒಯ್ದು, ಒಗೆದು, ಒಂದೇ ದಿನದ ಬಿಸಿಲಿಗೆ ಒಣಗುವಂಥದ್ದನ್ನೇ ಕೊಡಲಿ.